ದಿನಕ್ಕೊಬ್ಬಳಾಗುವ ಕಾವೇರಮ್ಮ

ಬಿಡದಿ ಸ್ಟೇಷನ್ನಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಮಂಜಿನೊಳಗಿಂದ ಮೊದಲು ದೀಪ ಬರುತ್ತದೆ, ಅದರ ಹಿಂದೆ ರೈಲು. ಹತ್ತಿ ಕಿಟಕಿ ಪಕ್ಕ ಕೂತ ಕಾವೇರಮ್ಮ ಸೆರಗು ಹೊದ್ದು ಕಣ್ಣು ಮುಚ್ಚುತ್ತಾರೆ. ನಿದ್ದೆಯಲ್ಲ, ತುಟಿ ಅಲುಗುತ್ತಿದೆ.

"ಇವತ್ತು ನಾನು ರಾಧಾಮಣಿ. ಮಾಗಡಿಯೋಳು. ಮಗಳ ಮದ್ವೆ ಗೊತ್ತಾಗೈತೆ. ಹೊಟ್ಟೇಲಿ ಗಡ್ಡೆ ಐತೆ ಅಂತ ನಂಗಿನ್ನೂ ಗೊತ್ತಿಲ್ಲ. ಡಾಕ್ಟ್ರು ಹೇಳ್ಬೇಕು."

ಇದು ಅವರ ಕೆಲಸ. ಬೆಂಗಳೂರಿನ ಬೋಧನಾ ಆಸ್ಪತ್ರೆಯೊಂದರಲ್ಲಿ, ಕ್ಯಾನ್ಸರ್ ತಜ್ಞರಾಗಲು ಓದುತ್ತಿರುವ ವೈದ್ಯರ ಮುಂದೆ ವಾರಕ್ಕೆರಡು ದಿನ ರೋಗಿಯ ಪಾತ್ರ ಹಾಕಿ ಕೂರುತ್ತಾರೆ. ಎಂಬಿಬಿಎಸ್ ಮುಗಿಸಿ, ಎಂಡಿ ಮಾಡಿ, ಅದರ ಮೇಲೆ ಮತ್ತೆ ಮೂರು ವರ್ಷದ ಡಿಎಂ ಓದಲು ಬಂದವರು ಅವರೆಲ್ಲ. ಎದುರು ಕೂತವರಿಗೆ 'ನಿಮಗೆ ಕ್ಯಾನ್ಸರ್ ಇದೆ' ಎಂದು ಹೇಳುವುದೂ ಆ ಓದಿನ ಒಂದು ಪಾಠ. ಆ ಪಾಠಕ್ಕೆ ಕಾವೇರಮ್ಮ ಬೇಕು.

ಎಂಟು ವರ್ಷದ ಹಿಂದೆ ಅವರಿಗೇ ಸ್ತನ ಕ್ಯಾನ್ಸರ್ ಬಂದಿತ್ತು. ಬೇರೊಂದು ಆಸ್ಪತ್ರೆಯ ವರಾಂಡದಲ್ಲಿ, ನಡೆಯುತ್ತಲೇ ಡಾಕ್ಟರೊಬ್ಬರು ಹೇಳಿ ಹೋದರು. "ಅವ್ರೇನಂದ್ರೋ ಕಾಣೆ, ಸಾವು ಅಂತ ಒಂದೇ ಕೇಳುಸ್ತು. ಮನೇಗ್ ಬಂದ್ಬುಟ್ಟೆ. ರೇಷ್ಮೆ ಹುಳಕ್ಕೆ ಸೊಪ್ಪು ಕುಯ್ಕೊಂಡು ಸುಮ್ಕಿದ್ದೆ. ಯಾರ್ಗೂ ಹೇಳ್ನಿಲ್ಲ."

ಗಂಡ ರಾಮಲಿಂಗಯ್ಯನವರಿಗೆ ತಿಳಿಯುವಷ್ಟರಲ್ಲಿ ಒಂದು ಬೇಸಿಗೆಯೇ ಕಳೆದಿತ್ತು. ಅವರು ಹಟ ಹಿಡಿದು ಈ ಆಸ್ಪತ್ರೆಗೆ ಕರೆತಂದರು. ವಿಭಾಗದ ಮುಖ್ಯಸ್ಥೆ ಡಾ. ಗಿರಿಜಾಂಬ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ಎಲ್ಲ ಬಿಡಿಸಿ ಹೇಳಿದರು. ಚಿಕಿತ್ಸೆ ಮುಗಿದ ಮೇಲೆ, "ನಮ್ಮ ಹುಡುಗರಿಗೆ ಕಲಿಸೋಕೆ ಬರ್ತೀರಾ?" ಎಂದು ಕೇಳಿದವರೂ ಅವರೇ.

ಅಂದಿನಿಂದ ಎಷ್ಟೋ ಹೆಂಗಸರು ಕಾವೇರಮ್ಮನವರೊಳಗೆ ಬಂದು ಹೋಗಿದ್ದಾರೆ. ಚನ್ನಪಟ್ಟಣದಲ್ಲಿ ಗೊಂಬೆಗೆ ಬಣ್ಣ ಹಚ್ಚುವವಳು, ಕಬ್ಬಾಳಿನಲ್ಲಿ ಹೂ ಮಾರುವವಳು. ರೈಲು ಹೆಜ್ಜಾಲ ದಾಟುವಾಗ ಆ ಹೆಂಗಸರ ಅಂಗಳ, ಒಲೆಯ ಹೊಗೆ, ಒಣಹಾಕಿದ ಸೀರೆ ಎಲ್ಲ ಕಿಟಕಿಯಾಚೆ ತೇಲಿ ಹೋಗುತ್ತವಂತೆ. "ಒಸಿ ಹೊತ್ತು ನಾನ್ಯಾರು ಅಂತ್ಲೇ ಮರ್ತೋಗುತ್ತೆ."

ಡಿಎಂ ಓದಲು ಬಂದಿದ್ದ ಕನಕಪುರದ ಡಾ. ದಯಾನಂದ್ ಮೊದಲ ಸಲ ಎದುರು ಕೂತಾಗ ಗೋಡೆ ನೋಡಿಕೊಂಡು ಇಂಗ್ಲಿಷಿನಲ್ಲಿ ಔಷಧಿಗಳ ಹೆಸರು ಹೇಳಿದ್ದರು. ಕಾವೇರಮ್ಮ ಪಾತ್ರದೊಳಗೇ ಅಳತೊಡಗಿದಾಗ ಎದ್ದು ಹೊರಗೆ ಹೋಗಿಬಿಟ್ಟರು. ಕೋರ್ಸೇ ಬಿಡುವ ಯೋಚನೆಯಲ್ಲಿದ್ದ ಅವರನ್ನು ಕಾವೇರಮ್ಮ ಕ್ಯಾಂಟೀನಿನಲ್ಲಿ ಹುಡುಕಿ ಹಿಡಿದರು. "ಹೆದ್ರುಕೊಂಡ್ರೆ ಏನಾಯ್ತು ಮಗಾ? ನಾಳೀಕ್ ಬಾ, ನಾನೂ ಬತ್ತೀನಿ." ಮರುದಿನ ಇಬ್ಬರೂ ಬಂದರು. ಆಮೇಲೆ ಎಷ್ಟೋ ಸಲ.

ಕಳೆದ ವರ್ಷ ತಪಾಸಣೆಯಲ್ಲಿ ಕಾವೇರಮ್ಮನವರ ಬೆನ್ನುಮೂಳೆಯಲ್ಲಿ ಕ್ಯಾನ್ಸರ್ ಮತ್ತೆ ಕಾಣಿಸಿಕೊಂಡಿತು. ಗಿರಿಜಾಂಬ ತಾವೇ ಹೇಳಲು ಹೊರಟಿದ್ದರು. "ನಾನು ಹೇಳ್ತೀನಿ ಮೇಡಂ," ಎಂದರು ದಯಾನಂದ್.

ಕಾವೇರಮ್ಮನವರನ್ನು ಒಳಗೆ ಕೂರಿಸಿ ಬಾಗಿಲು ಹಾಕಿದರು, ಮೊಬೈಲು ಆಫ್ ಮಾಡಿದರು, ಪಕ್ಕದಲ್ಲಿ ಕೂತರು.

"ಅಮ್ಮಾ, ಇವತ್ತು ನೀವು ಕಾವೇರಮ್ಮನೇ."

"ಅಷ್ಟಂದಿದ್ದಕ್ಕೇ ಎಲ್ಲಾ ಗೊತ್ತಾಗೋಯ್ತು," ಎಂದು ನೆನೆಯುತ್ತಾರೆ. ಪೂರ್ತಿ ಹೋಗುವ ಕಾಯಿಲೆಯಲ್ಲ, ಆದರೆ ಮಾತ್ರೆಯಲ್ಲಿ ಹಿಡಿದಿಡಬಹುದು ಎಂದು ದಯಾನಂದ್ ನಿಧಾನವಾಗಿ ಹೇಳಿದರು. ಕಾವೇರಮ್ಮ ಅತ್ತರು, ಈ ಸಲ ನಿಜಕ್ಕೂ. ಅಳು ನಿಲ್ಲುವ ತನಕ ದಯಾನಂದ್ ಏಳಲಿಲ್ಲ.

ಈಗ ಕಾಯಿಲೆ ಹಿಡಿತದಲ್ಲಿದೆ. ಬೆನ್ನು ನೋಯುವ ದಿನ ಬಿಟ್ಟರೆ ಪಾಠ ತಪ್ಪಿಸಿಲ್ಲ. ದಯಾನಂದ್ ಈ ವರ್ಷ ಡಿಎಂ ಮುಗಿಸುತ್ತಾರೆ. ಅವರ ಮಾತು ಬಂದರೆ ಕಾವೇರಮ್ಮನವರ ಮುಖ ಅರಳುತ್ತದೆ.

"ಅಂಥಾ ಸುದ್ದಿ ಕೇಳ್ಕೊಂಡ್ ಬಂದೂ ಅವತ್ತು ರಾತ್ರಿ ಮುದ್ದೆ ಉಂಡೆ ಕಣಪ್ಪ. ನಿದ್ದೇನೂ ಬಂತು. ಹಂಗೆ ಹೇಳ್ದ ನನ್ ಮಗ. ಅವನಿಗೆ ಒಸಿ ನಾನೂ ಕಲ್ಸಿದ್ದೀನಿ."