ಎಡಗೈ ಮೂಸುವ ರೇಣುಕಯ್ಯ

ಪುರವರದ ರೇಣುಕಯ್ಯ ಬಾಯಿಹುಣ್ಣಿಗೆ ಸೊಪ್ಪಿನ ಔಷಧಿ ಕೊಡುತ್ತಿದ್ದುದು ಸೋಮವಾರ ಬೆಳಿಗ್ಗೆ, ಅದೂ ಬಿಟ್ಟಿಯಾಗಿ. ಆದರೆ ಜಗಲಿ ಹತ್ತಿದವರು ಮೊದಲು ಎಡಗೈ ಚಾಚಬೇಕು. ಹೊಗೆಸೊಪ್ಪಿಗೆ ಸುಣ್ಣ ಹಾಕಿ ತಿಕ್ಕುವವರ ಅಂಗೈ, ಎಷ್ಟು ಸೋಪು ಹಚ್ಚಿ ತೊಳೆದರೂ ಸುಳ್ಳು ಹೇಳುವುದಿಲ್ಲ ಎಂಬುದು ಅವನ ಸಿದ್ಧಾಂತ. ಮೂಗಿಗೆ ಘಾಟು ಬಡಿಯಿತೋ, ಎಂಥ ದೊಡ್ಡ ಮನುಷ್ಯನಿಗೂ ಒಂದೇ ಮಾತು: "ಪಥ್ಯ ಇಲ್ಲ, ಔಷ್ದಿ ಇಲ್ಲ. ಎದ್ದೋಗು."

ಇಷ್ಟು ಕಟ್ಟುನಿಟ್ಟಿನ ಮಹಾಶಯ, ಜನ ಕರಗಿದ ಮೇಲೆ ಹಿತ್ತಲಿಗೆ ಹೋಗಿ ತಾನೇ ಒಂದು ಚಿಟಿಕೆ ತಿಕ್ಕಿ ದವಡೆಗೆ ಒತ್ತಿಕೊಳ್ಳುತ್ತಿದ್ದ. ನಲವತ್ತು ವರ್ಷದ ಚಟ. ಆರು ತಿಂಗಳಿಂದ ಕೆನ್ನೆಯೊಳಗೆ ಬಿಳಿ ಮಚ್ಚೆಯೊಂದು ಕೂತಿತ್ತು. ಅವನದೇ ಸೊಪ್ಪಿಗೂ ಅದು ಜಗ್ಗಿರಲಿಲ್ಲ. ಹೆಂಡತಿ ಕರಿಬಸಮ್ಮ ಆಸ್ಪತ್ರೆ ಎಂದು ಬಾಯಿ ತೆರೆದರೆ, "ನಾನೇ ಆಸ್ಪತ್ರೆಗೋದ್ರೆ ಊರೋರು ಏನಂದಾರು?" ಎಂದು ಗದರುತ್ತಿದ್ದ. ಒಳಗೊಳಗೇ ಪುಕಪುಕ.

ಅವನ ಸೊಪ್ಪು ಒಯ್ದು ತುಮಕೂರಿನಲ್ಲಿ ಸಂಶೋಧನೆ ಮಾಡುತ್ತಿದ್ದ ಶ್ರುತಿ ಎಂಬ ಹುಡುಗಿ ಒಂದು ಸೋಮವಾರ ಸುದ್ದಿ ತಂದಳು. "ತಾತ, ನಿಮ್ಮ ಸೊಪ್ಪಿನ ಸಾರ ಗಾಜಿನ ತಟ್ಟೇಲಿದ್ದ ಬಾಯಿ ಕ್ಯಾನ್ಸರಿನ ಜೀವಕೋಶಗಳನ್ನ ಸಾಯಿಸ್ತು."

ರೇಣುಕಯ್ಯ ಹಿಗ್ಗಿ ಹೀರೇಕಾಯಿಯಾದ. "ಕೇಳುಸ್ತೇನಮ್ಮಿ? ಇನ್ಯಾಕೆ ಆಸ್ಪತ್ರೆ?" ಎಂದು ಒಳಮನೆಗೆ ಕೂಗಿದ.

"ತಡೀರಿ ತಾತ. ಮನುಷ್ಯರ ಬಾಯಲ್ಲಿ ಇನ್ನೂ ಯಾರೂ ನೋಡಿಲ್ಲ. ಔಷಧಿ ಆಗೋಕೆ ಹತ್ತಾರು ವರ್ಷ ಬೇಕು, ಆಗದೇನೂ ಇರಬಹುದು," ಎಂದಳು ಶ್ರುತಿ, ಅವನ ಎಡಗೈ ನೋಡುತ್ತ. "ಆ ತಟ್ಟೆ ಹೊಗೆಸೊಪ್ಪು ಬೇರೆ ಹಾಕ್ತಿರಲಿಲ್ಲ."

ಕರಿಬಸಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಗಂಡನ ಮಣೆಯ ಮೇಲೆ ಕೂತಳು. ಕಾದಿದ್ದ ಏಳೆಂಟು ಜನರ ಎದುರಿಗೇ, "ಕೈ ಕೊಡಿ," ಎಂದಳು.

ಅವನು ಬಲಗೈ ಚಾಚಿದ.

"ಎಡಗೈ."

ವಿಧಿಯಿಲ್ಲದೆ ಕೊಟ್ಟ. ಅವಳು ಮೂಸಿದಳು. ಹಿಡಿದ ಕೈ ಬಿಡದೆ ಹೇಳಿದಳು: "ಪಥ್ಯ ಇಲ್ಲ, ಔಷ್ದಿ ಇಲ್ಲ. ಎದ್ದೋಗಿ. ತುಮಕೂರು ಬಸ್ಸು ಹತ್ತೂವರೆಗೆ."

ರೇಣುಕಯ್ಯ ಸೊಂಟದ ಹೊಗೆಸೊಪ್ಪಿನ ಚೀಲ ಬಿಚ್ಚಿ ಅವಳ ಮಡಿಲಿಗೆ ಹಾಕಿದ. "ನಂಗೆ ಭಯ ಆಯ್ತದೆ ಕಣೆ. ನೀನೂ ಬಾ," ಎಂದ.

ಅವಳು ಆಗಲೇ ಚಪ್ಪಲಿ ಹುಡುಕುತ್ತಿದ್ದಳು.