ವಿಷಲ್ಲಿಗೆ ಒತ್ತಿದ ವಾಚು

ನಮ್ಮ ಪಿ.ಇ. ಮೇಡಂ ಮುಖವೆಲ್ಲ ಬಿಸಿಲಿಗೆ ಕಪ್ಪಾಗಿತ್ತು. ಕಣ್ಣಂಚಿನ ನೆರಿಗೆಗಳ ಒಳಗೆ ಮಾತ್ರ ಬೆಳ್ಳನೆಯ ಗೆರೆಗಳಿದ್ದವು. ವರ್ಷಗಟ್ಟಲೆ ಮೈದಾನದಲ್ಲಿ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದರಿಂದ ಅಲ್ಲಿಗೆ ಬಿಸಿಲು ಇಳಿದೇ ಇರಲಿಲ್ಲ. ಮುಖ ಸಡಿಲವಾಗಿದ್ದಾಗ ಆ ಗೆರೆಗಳು ಕಾಣುತ್ತಿದ್ದವು, ಸಿಟ್ಟು ಬಂದರೆ ಮಾಯ. ನಾವು ಹುಡುಗಿಯರು ಗೆರೆ ನೋಡಿಕೊಂಡೇ ಹತ್ತಿರ ಹೋಗುತ್ತಿದ್ದೆವು.

ಸವಳಂಗದ ಕಡೆಯ ನಮ್ಮ ಹೈಸ್ಕೂಲಿನಲ್ಲೇ ಓದಿ, ಅಲ್ಲಿಗೇ ಟೀಚರಾಗಿ ಬಂದವರು ಅವರು. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಕ್ಯಾನ್ವಾಸ್ ಶೂ ಹಾಕಿಕೊಂಡು ನಮ್ಮ ಜೊತೆಗೇ ಓಡುತ್ತಿದ್ದರು. ತಡವಾಗಿ ಬಂದವಳಿಗೆ, "ಬಾರವ್ವ ಮಹಾರಾಣಿ, ಪಲ್ಲಕ್ಕಿ ಕಳಿಸಬೇಕಿತ್ತೇನು?" ಓಡುವಾಗ ಹಿಂತಿರುಗಿ ನೋಡಿದವಳಿಗೆ, "ಹಿಂದೆ ಏನು ಬುತ್ತಿ ಮರೆತು ಬಂದೀಯೇನು? ಮುಂದೆ ನೋಡು!" ಬೈಸಿಕೊಂಡು ಬೈಸಿಕೊಂಡೇ ನನ್ನ ಕಾಲು ಗಟ್ಟಿಯಾದವು.

ನನ್ನ ಓಟ ಅಪ್ಪನಿಗೆ ಹಿಡಿಸಿರಲಿಲ್ಲ. ಮೇಡಂ ಸ್ಕೂಟಿ ಏರಿ ನಮ್ಮ ಮನೆಗೇ ಬಂದು, ಅವ್ವ ಕೊಟ್ಟ ರೊಟ್ಟಿ ತಿಂದು, ಅಪ್ಪನ ಎದುರು ಜಗಲಿಯ ಮೇಲೆ ಕೂತುಬಿಟ್ಟರು. ಕೊನೆಗೆ ಅಪ್ಪ ಸೋತು ಹೇಳಿದ: "ಆಗಲಿ ಮೇಡಮ್ಮೋರೆ. ಸ್ಪೋರ್ಟ್ಸ್ ಹಾಸ್ಟೆಲಿನಾಗೆ ಸೀಟು ಸಿಕ್ಕರೆ ಓಡಲಿ, ಓದಲಿ. ಸಿಗಲಿಲ್ಲ ಅಂದ್ರೆ ಹತ್ತನೇ ಕ್ಲಾಸಿಗೆ ಸಾಕು, ಮನೆಯಾಗಿರಲಿ."

ಆಗ ನ್ಯಾಮತಿ ಇನ್ನೂ ತಾಲ್ಲೂಕಾಗಿರಲಿಲ್ಲ, ಕ್ರೀಡಾಕೂಟಕ್ಕೆ ಹೊನ್ನಾಳಿಗೇ ಹೋಗಬೇಕಿತ್ತು. ಆ ವರ್ಷ ಬೆಳಿಗ್ಗೆಯೇ ಮೈಕಿನಲ್ಲಿ ಸಾರಿದರು: ಕೂಟದ ದಾಖಲೆ ಮುರಿದವರ ಹೆಸರು ಹಾಸ್ಟೆಲಿನ ಆಯ್ಕೆಗೆ ಹೋಗುತ್ತದೆ. ಹುಡುಗಿಯರ ನೂರು ಮೀಟರ್ ದಾಖಲೆ ಯಾರದ್ದು ಗೊತ್ತೇ? ನಮ್ಮ ಮೇಡಂದೇ. ಅವರು ವಿದ್ಯಾರ್ಥಿನಿಯಾಗಿದ್ದಾಗ ಮಾಡಿದ್ದು, ಅಲ್ಲಿಯವರೆಗೂ ಯಾರೂ ಮುಟ್ಟಿರಲಿಲ್ಲ.

ನಾನು ಗೆದ್ದೆ. ಗೆದ್ದದ್ದಷ್ಟೇ ಅಲ್ಲ, ಹೊಸ ದಾಖಲೆ ಎಂದು ಮೈಕು ಕೂಗಿತು. ಗೆಳತಿಯರು ನನ್ನನ್ನು ಎತ್ತಿಕೊಂಡು ಕುಣಿದರು. ಹಾಸ್ಟೆಲು, ಓದು, ಎಲ್ಲ ಕೈಗೆ ಬಂದೇಬಿಟ್ಟಿತು ಅಂದುಕೊಂಡೆ. ಆಗ ಮೇಡಂ ತೀರ್ಪುಗಾರರ ಟೇಬಲ್ಲಿನ ಕಡೆ ನಡೆಯುವುದು ಕಂಡಿತು. ಅವರ ಕಣ್ಣಂಚಿನಲ್ಲಿ ಬಿಳಿ ಗೆರೆ ಇರಲಿಲ್ಲ.

"ವಾಚು ಯಾವಾಗ ಒತ್ತಿದ್ರಿ?" ಅಂತ ಸಮಯ ಹಿಡಿದವರನ್ನು ಕೇಳಿದರು.

"ವಿಷಲ್ ಕೇಳಿದ ಕೂಡ್ಲೇ ಒತ್ತಿದ್ವಿ ಮೇಡಂ."

"ಅಲ್ಲೇ ತಪ್ಪಾಗಿರೋದು ನೋಡ್ರಿ."

ಓಟ ಶುರು ಮಾಡಲು ಕ್ಲಾಪರ್ ಇರುತ್ತದೆ, ಬಿಜಾಗರಿ ಹಾಕಿದ ಎರಡು ಹಲಗೆ. ತಲೆಯ ಮೇಲೆತ್ತಿ ಬಡಿದರೆ ಓಡುವವರಿಗೆ ಸದ್ದು ಕೇಳುತ್ತದೆ, ಆ ತುದಿಯಲ್ಲಿ ವಾಚು ಹಿಡಿದವರಿಗೆ ಬಡಿದದ್ದು ಕಾಣುತ್ತದೆ. ಕಂಡ ತಕ್ಷಣ ಒತ್ತಬೇಕು. ಅವತ್ತು ಬಿಜಾಗರಿ ಕಿತ್ತುಹೋಗಿತ್ತು. ನಡೀತದೆ ಬಿಡಿ ಅಂತ ವಿಷಲ್ ಊದಿ ಬಿಟ್ಟಿದ್ದರು. ವಿಷಲ್ ದೂರಕ್ಕೆ ಕಾಣುವುದಿಲ್ಲ.

"ಸದ್ದು ನಿಮ್ಮ ಕಿವಿಗೆ ಬರೋದ್ರೊಳಗೆ ಹುಡುಗೇರು ಎದ್ದು ಹೆಜ್ಜೆ ಹಾಕಿರ್ತಾರೆ. ವಾಚು ತಡ ಆಗೈತೆ. ಈ ಟೈಮ್ ಸುಳ್ಳು, ಇನ್ನೊಂದು ಸಲ ಓಡಿಸ್ರಿ," ಎಂದರು ಮೇಡಂ.

ಕೂಟದ ಹಿರಿಯರೊಬ್ಬರು ಮೈಕು ಕೆಳಗಿಟ್ಟು ನಕ್ಕರು. "ಏನ್ ಮೇಡಂ, ನಿಮ್ಮ ರೆಕಾರ್ಡ್ ಹೋತಂತ ಹೊಟ್ಟೆಕಿಚ್ಚಾ?"

ಸುತ್ತ ನಿಂತವರೆಲ್ಲ ನಕ್ಕರು. ನಿಜ ಹೇಳುತ್ತೇನೆ, ನನಗೂ ಹಾಗೇ ಅನ್ನಿಸಿತ್ತು. ಮೇಡಂ ನನ್ನ ಕಡೆ ನೋಡಲೇ ಇಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡರು. ಟೇಬಲ್ಲಿನ ಅಂಚು ಹಿಡಿದು ಹೇಳಿದರು:

"ನಾನು ಓಡಿದ್ದೂ ವಿಷಲ್ಲಿಗೇ. ಅವತ್ತೂ ಹಿಂಗೇ ಕೇಳಿಸ್ಕೊಂಡು ಒತ್ತಿದ್ರು. ಆಗ ನಂಗೆ ತಿಳೀಲಿಲ್ಲ, ಟೀಚರ್ ಆದ್ಮೇಲೆ ತಿಳೀತು, ಬಾಯಿ ಬಿಡಲಿಲ್ಲ. ಅದನ್ನೂ ಹೊಡೆದು ಹಾಕ್ರಿ. ಮೈಕಿನಾಗೇ ಹೇಳ್ರಿ."

ನಗು ನಿಂತಿತು. ಟೇಬಲ್ಲಿನವರು ತಲೆಗೆ ತಲೆ ಸೇರಿಸಿ ಬಹಳ ಹೊತ್ತು ಗುಸುಗುಸು ಮಾಡಿದರು. ಆಮೇಲೆ ಮೈಕು ಎರಡೂ ದಾಖಲೆ ರದ್ದು ಎಂದಿತು, ಮೊದಲು ಅವರದು, ಆಮೇಲೆ ನನ್ನದು.

ಸುಮ್ಮನಿರುವ ಸ್ವಭಾವ ನನ್ನದಲ್ಲ. ಎದೆಯ ನಂಬರು ಕಿತ್ತು ಅವರ ಕಾಲ ಬಳಿ ಎಸೆದು, "ಈಗ ನಿಮ್ಮ ಹೊಟ್ಟೆ ತಣ್ಣಗಾತಾ ಮೇಡಂ?" ಅಂದೆ.

ಬಗ್ಗಿ ಅದನ್ನು ಎತ್ತಿಕೊಂಡು, ನನ್ನ ಎದೆಗೇ ಮತ್ತೆ ಪಿನ್ನು ಚುಚ್ಚುತ್ತಾ ಹೇಳಿದರು: "ಸೆಲೆಕ್ಷನ್‌ನಾಗೆ ತಾನೇ ಟೈಮ್ ಹಿಡಿಯೋ ಕರೆಂಟಿನ ವಾಚು ಐತೆ. ಸುಳ್ಳು ಟೈಮ್ ತಗೊಂಡು ಹೋದ್ರೆ ಅದು ಎಲ್ಲಾರ ಮುಂದೆ ನಿನ್ನ ಮಾನ ಕಳೀತದೆ. ಬೈಯೋದು ಆಮೇಲೆ ಬೈಯಿ. ಈಗ ಓಡು."

ಸಂಜೆ ಮತ್ತೆ ಗೆರೆಯ ಮೇಲೆ ನಿಂತಾಗ ತೊಡೆ ಕಲ್ಲಾಗಿತ್ತು. ಈ ಸಲ ವಾಚಿನವರಿಗೆ ಕಾಣುವಂತೆ ವಿಷಲ್ಲಿನ ಜೊತೆಗೇ ಬಿಳಿ ಟವೆಲ್ ಇಳಿಯಬೇಕೆಂದು ಮೇಡಂ ಹಟ ಹಿಡಿದಿದ್ದರು. ಟವೆಲ್ ಇಳಿಯಿತು, ಸಿಟ್ಟಿನಿಂದಲೇ ಓಡಿದೆ. ಟೇಬಲ್ಲಿನವರು ವಾಚುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರು. ಬೆಳಗಿನ ಸಮಯಕ್ಕಿಂತ ಹಿಂದೆ ಬಿದ್ದಿದ್ದೆ, ಮೇಡಂ ದಾಖಲೆಗಿಂತಲೂ ಹಿಂದೆ. ಆದರೆ ಅವರದು ಅಳಿಸಿಹೋಗಿತ್ತಲ್ಲ! ಅದಕ್ಕೂ ಹಳೆಯದೊಂದು ಉಳಿದಿತ್ತು, ಅದನ್ನು ನಾನು ದಾಟಿದ್ದೆ. ಹೆಸರು ಆಯ್ಕೆಗೆ ಹೋಯಿತು. ಅಲ್ಲಿಯ ವಾಚೂ ಹೆಚ್ಚುಕಡಿಮೆ ಅದನ್ನೇ ತೋರಿಸಿತು, ಸೀಟು ಸಿಕ್ಕಿತು. ಚನ್ನಗಿರಿಯಿಂದ ಬಂದಿದ್ದ ಹುಡುಗಿಯ ಕಾಗದದಲ್ಲಿ ನನ್ನದಕ್ಕಿಂತ ಚುರುಕಾದ ಸಮಯವಿತ್ತು, ಅದು ಆ ವಾಚಿನ ಮುಂದೆ ನಿಲ್ಲಲಿಲ್ಲ, ಅಳುತ್ತಾ ಹೋದಳು. ನಾನೀಗ ಜಗಳೂರು ಕಡೆಯ ಒಂದು ಶಾಲೆಯಲ್ಲಿ ಪಿ.ಇ. ಟೀಚರು.

ಮೇಡಂ ಹೋದ ವರ್ಷ ತೀರಿಕೊಂಡರು. ನಮ್ಮ ಹಳೆಯ ಹೈಸ್ಕೂಲಿನಲ್ಲಿ ಶ್ರದ್ಧಾಂಜಲಿ ಸಭೆ. ಹೊಸ ಹೆಡ್‌ಮಾಸ್ಟರು ಮೈಕು ಹಿಡಿದು, ತಾಲ್ಲೂಕಿನ ನೂರು ಮೀಟರ್ ದಾಖಲೆ ಇಂದಿಗೂ ಅವರ ಹೆಸರಿನಲ್ಲೇ ಇದೆ ಎಂದರು. ನಾನು ಎದ್ದು ನಿಂತೆ.

"ಇಲ್ಲ ಸರ್. ಮೇಡಂಗೆ ಯಾವ ದಾಖಲೇನೂ ಇರಲಿಲ್ಲ."

ಸಭೆಯೆಲ್ಲ ನನ್ನನ್ನು ದುರುಗುಟ್ಟಿ ನೋಡಿತು. ಸತ್ತವರ ಬಗ್ಗೆ ಹೀಗಾ, ಅಂತ ಹಿಂದೆ ಯಾರೋ ಗೊಣಗಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಮೇಡಂ ಯಜಮಾನರು ನಿಧಾನವಾಗಿ ಎದ್ದು ಕೈ ಮುಗಿದರು.

"ಈ ಟೀಚರಮ್ಮ ಹೇಳಿದ್ದು ನಿಜ ಐತ್ರಿ. ನಮ್ಮನೆಯಾಕೆನೇ ಹೋಗಿ ತನ್ನ ದಾಖಲೆ ಅಳಿಸಿ ಬಂದ್ಲು. ಅವತ್ತು ಮನೀಗೆ ಬಂದು ಉಣ್ಣಲಿಲ್ಲ, ಅಡಿಗೆಮನೆಯಾಗೆ ಕೂತು ಅತ್ತಿದ್ಲು. ಅದೊಂದೇ ಇತ್ತು ನಂದು ಅಂತ."