ರಜೆಯ ದಿನ ಎಸೆದ ಚೆಂಡು

ನನ್ನ ಮೊಮ್ಮಗನ ಕೈ ಕೆಡಿಸಿದ್ದು ನನ್ನ ಮಗ. ಮನೆಯಲ್ಲಿ ಎಲ್ಲರೂ ಹಣೆಬರಹ ಅನ್ನುತ್ತಾರೆ. ಹಣೆಬರಹಕ್ಕೇನು ಬೇರೆ ಕೆಲಸವಿಲ್ಲವೇ?

ನಾವಿರುವುದು ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ. ಮೊಮ್ಮಗ ಹುಟ್ಟಿದ್ದೂ ಇಲ್ಲೇ. ಈ ಊರಲ್ಲಿ ಬೇಸ್‌ಬಾಲ್ ನೋಡುವವರೇ ಕಡಿಮೆ, ಆಡಿದ್ದಕ್ಕೆ ಸಂಬಳ ಸಿಗುವುದು ಇನ್ನೂ ಅಪರೂಪ. ಇವನಿಗೆ ಸಿಕ್ಕಿತು. ಇವನು ಪಿಚರ್. ನಮ್ಮ ಬೌಲರ್ ಇದ್ದ ಹಾಗೆ, ಆದರೆ ಓಡಿ ಬರುವಂತಿಲ್ಲ. ನಿಂತಲ್ಲಿಂದಲೇ ಮೊಣಕೈ ಮಡಚಿ ಬೀಸಿ ಎಸೆಯಬೇಕು. ಒಂದು ಪಂದ್ಯ ಎಸೆದ ಮೇಲೆ ಕೆಲವು ದಿನ ಚೆಂಡು ಮುಟ್ಟಕೂಡದೆಂದು ಕೋಚ್ ಕಟ್ಟಪ್ಪಣೆ ಮಾಡಿದ್ದ.

ನನ್ನ ಮಗ ಮೈಸೂರಿನ ಕಾಲೇಜಿನಲ್ಲಿ ಕ್ರಿಕೆಟ್ ಆಡಿದವನು. ಅವನ ಕಣ್ಣಿಗೆ ಇದು ಸೋಮಾರಿತನ.

“ನಾವು ಬೆಳಗ್ಗಿಂದ ಸಾಯಂಕಾಲದವರೆಗೂ ಬೌಲ್ ಮಾಡ್ತಿದ್ವಿ. ಏಳೋ ಮಹಾರಾಜ!” ಎಂದು ರಜೆಯ ದಿನವೂ ಮನೆ ಹಿಂದಿನ ಪಾರ್ಕಿಗೆ ಎಳೆದುಕೊಂಡು ಹೋಗಿ ಎಸೆಸುತ್ತಿದ್ದ. ಇಪ್ಪತ್ತು ದಾಟಿದ ಹುಡುಗ, ಆಗುವುದಿಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಅಪ್ಪ ಅವನ ಆಟದ ಕಡೆ ತಿರುಗಿ ನೋಡಿದ್ದೇ ಆ ವರ್ಷ.

ಒಂದು ಸಂಜೆ ಮೊಮ್ಮಗ ಕಾಫಿ ಲೋಟವನ್ನು ಎಡಗೈಯಲ್ಲಿ ಹಿಡಿದ.

“ಬಲಗೈಗೆ ಏನಾಯ್ತೋ?”

“ಆಲೆಸ್ ಗುಟ್, ಎಲ್ಲಾ ಸರಿಯಿದೆ ಅಜ್ಜಿ. ಸ್ವಲ್ಪ ಟೈಟ್ ಅಷ್ಟೇ.”

ಮಗನಿಗೆ ಹೇಳಿದೆ: “ಅವನಿಗೆ ಕೈ ನೋಯ್ತಿದೆ ಕಣೋ. ಬಿಟ್ಬಿಡು.”

“ಅಮ್ಮ, ನೀನು ಅಡುಗೆಮನೆ ನೋಡ್ಕೋ. ಆಟದ ವಿಷಯ ನಿಂಗೇನು ಗೊತ್ತು?”

“ನಿನ್ನನ್ನ ಟೀಮಿಂದ ತೆಗೆದಿದ್ದು ಗೊತ್ತು. ಹೇಳ್ಲಾ?”

ಮೊಮ್ಮಗ ನಕ್ಕುಬಿಟ್ಟ. ಮಗ ನಗಲಿಲ್ಲ. ಮರುದಿನವೂ ಪಾರ್ಕಿಗೆ ಹೋದರು.

ಆ ಶನಿವಾರದ ಪಂದ್ಯದಲ್ಲಿ ಚೆಂಡು ಎಸೆದವನೇ ಮೊಮ್ಮಗ ಮೊಣಕೈ ಹಿಡಿದು ಕುಸಿದು ಕೂತ. ಒಳಗೆ ಲಿಗಮೆಂಟ್ ಹರಿದಿತ್ತು. ಬರೆಯಬಹುದು, ಕಾರು ಓಡಿಸಬಹುದು, ಪಂದ್ಯದಲ್ಲಿ ಎಸೆಯುವುದನ್ನು ಮಾತ್ರ ಮರೆತುಬಿಡಿ ಎಂದರು ಆಪರೇಷನ್ ಮಾಡಿದ ಡಾಕ್ಟರು. ಒಂದು ಬೇಸಿಗೆಯೂ ಪೂರ್ತಿ ಆಗಲಿಲ್ಲ ಅವನ ಸಂಬಳದ ಆಟ.

ಆಸ್ಪತ್ರೆಯಿಂದ ಕರೆತಂದ ಸಂಜೆ ಮಗ ಕೋಣೆ ಸೇರಿ ಬಾಗಿಲು ಹಾಕಿಕೊಂಡ. ಪಟ್ಟಿ ಸುತ್ತಿದ ಕೈ ಹೊತ್ತು ಕೂತಿದ್ದ ಮೊಮ್ಮಗ ನನ್ನನ್ನು ಕೇಳಿದ್ದು ಒಂದೇ: “ಪಪ್ಪಂಗೆ ನನ್ಮೇಲೆ ಕೋಪಾನಾ?”

ನನಗೆ ಮೈ ಉರಿದುಹೋಯಿತು.

ಮರುದಿನ ಬೆಳಿಗ್ಗೆ ಮಗನ ಕೋಣೆಯ ಬಾಗಿಲು ಬಡಿದೆ. “ಎದ್ದು ಬಾ. ಅವನಿಗೆ ಅಂಗಿ ಹಾಕು. ಒಂದು ಕೈಲಿ ಗುಂಡಿ ಹಾಕ್ಕೊಳ್ಳೋಕಾಗಲ್ಲ.”

ಅವನು ಹೆಂಡತಿಯ ಮುಖ ನೋಡಿದ.

“ಅವಳಲ್ಲ, ನೀನು,” ಎಂದೆ. ಕೊನೆಯ ಗುಂಡಿ ಹಾಕುವವರೆಗೂ ಬಾಗಿಲಿಗೆ ಅಡ್ಡ ನಿಂತಿದ್ದೆ.